ಫೀನಿಕ್ಸ್ ಮರುಭೂಮಿಯಲ್ಲಿ ಹೂವಿನ ಮಡಿ: ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದವರಿಗೆ

ಅರಿಜೋನಾದ ಫೀನಿಕ್ಸ್ ಸುತ್ತಮುತ್ತ ಹೊಸದಾಗಿ ಮನೆ ಮಾಡಿದ ನಮ್ಮ ಭಾಗದವರು ಮೊದಲ ವರ್ಷ ಮಾಡುವ ದೊಡ್ಡ ತಪ್ಪು, ಮೃಗಶಿರಾ ಮಳೆಯ ಲೆಕ್ಕ ಹಿಡಿದು ಜೂನ್‌ನಲ್ಲಿ ಸಸಿ ಹಚ್ಚುವುದು. ಊರಲ್ಲಿ ಅದು ಮುಂಗಾರಿ ಬಿತ್ತನೆಯ ಹೊತ್ತು. ಇಲ್ಲಿ ಜೂನ್ ವರ್ಷದಲ್ಲೇ ಅತಿ ಒಣ ತಿಂಗಳು. 2023ರ ಬೇಸಿಗೆಯಲ್ಲಿ ಸತತ 31 ದಿನ ಬಿಸಿಲು 43 ಡಿಗ್ರಿ ಮುಟ್ಟಿತ್ತು. ಇಡೀ ವರ್ಷದ ಮಳೆ ಸುಮಾರು 180 ಮಿ.ಮೀ., ಒಣ ಜಿಲ್ಲೆ ಎನ್ನುವ ಗದಗಿಗೆ ಬೀಳುವುದರ ಮೂರನೇ ಒಂದು ಪಾಲಿನಷ್ಟು.

ಹಾಗಾಗಿ ಮುಂಗಾರಿ ಬಿಡಿ, ಹಿಂಗಾರಿ ಹಿಡಿಯಿರಿ. ಗದಗ, ನರಗುಂದದ ಎರಿ ಹೊಲದಲ್ಲಿ ಬಿಳಿಜೋಳ, ಕಡಲೆ ಬಿತ್ತುವಾಗ, ಅಂದರೆ ಹಸ್ತ, ಚಿತ್ತಿ ಮಳೆಯ ದಿನಗಳಲ್ಲಿ, ಇಲ್ಲಿ ಹೂವಿನ ಹಂಗಾಮು ಶುರು. ಇನ್ನೊಂದು ಹಂಗಾಮು ಫೆಬ್ರುವರಿ ನಡುವಿನಿಂದ ಮಾರ್ಚ್ ಕೊನೆಯವರೆಗೆ. ಮೇ ತಿಂಗಳಿಂದ ಆಗಸ್ಟ್‌ವರೆಗೆ ಹೊಸ ಸಸಿ ಹಚ್ಚುವ ಗೋಜಿಗೆ ಹೋಗಬೇಡಿ, ಇದ್ದದ್ದನ್ನು ಉಳಿಸಿಕೊಂಡರೆ ಸಾಕು.

ಗುದ್ದಲಿ ಹಿಡಿಯುವ ಮೊದಲು ಎರಡು ಕೆಲಸ ಮುಗಿಸಿ. ಬಡಾವಣೆಗೆ ನಿವಾಸಿಗಳ ಸಂಘ ಇದ್ದರೆ ಮುಂದಿನ ಅಂಗಳ ಬದಲಿಸಲು ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಆಮೇಲೆ 811ಕ್ಕೆ ಕರೆ ಮಾಡಿ. ನೆಲದೊಳಗಿನ ಗ್ಯಾಸ್, ಕರೆಂಟ್, ಕೇಬಲ್ ಲೈನ್‌ಗಳನ್ನು ಉಚಿತವಾಗಿ ಬಣ್ಣದಿಂದ ಗುರುತು ಮಾಡಿ ಹೋಗುತ್ತಾರೆ. ಅದಕ್ಕೆ ಪೂರ್ತಿ ಎರಡು ಕೆಲಸದ ದಿನ ಬಿಡಬೇಕು. ಹಿಂದಿನ ಮನೆಯವರು ಹಾಕಿಸಿದ ಡ್ರಿಪ್ ಪೈಪು, ಈಜುಕೊಳದ ಲೈನು ಅವರ ಗುರುತಿಗೆ ಬರುವುದಿಲ್ಲ. ಅವನ್ನು ನೀವೇ ಹುಡುಕಬೇಕು.

ಜಾಗ ಮನೆಯ ಪೂರ್ವಕ್ಕಿರಲಿ. ಮುಂಜಾನೆ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗಬೇಕು. ಪಶ್ಚಿಮದ ಕಾಂಪೌಂಡ್ ಗೋಡೆ ಹಗಲೆಲ್ಲ ಕಾದು ರಾತ್ರಿಯಿಡೀ ಕಾವು ಉಗುಳುತ್ತದೆ, ಅದರ ಬುಡದಲ್ಲಿ ದಾಸವಾಳ ಬದುಕುವುದು ಕಷ್ಟ. ಮನೆ ಗೋಡೆಯಿಂದ ಮಾತ್ರ 3 ಅಡಿ ದೂರ ಸರಿಯಿರಿ. ಅಡಿಪಾಯದ ಪಕ್ಕ ನೀರು ಇಂಗಿದರೆ ಗೆದ್ದಲು ಬರುತ್ತದೆ.

ಮಣ್ಣು ನೋಡಲು ನಮ್ಮ ಮಸಾರಿಯಂತೆ ಕಂಡರೂ ಗುಣ ಬೇರೆ. ಕ್ಷಾರ ಹೆಚ್ಚು, ಪಿಎಚ್ ಸಾಮಾನ್ಯವಾಗಿ 8ರ ಮೇಲೆ, ಕೊಳೆತ ಎಲೆಕಸದ ಸತ್ವ ಇಲ್ಲವೇ ಇಲ್ಲ ಎನ್ನಬಹುದು. ಕೆಳಗೆ ಹಲವು ಕಡೆ ಸುಣ್ಣ ಗಟ್ಟಿಯಾಗಿ ಗಾರೆ ನೆಲದಂತೆ ಕೂತಿರುತ್ತದೆ. ಇಲ್ಲಿನವರು ಅದನ್ನು ಕಲೀಚಿ ಅನ್ನುತ್ತಾರೆ. ಹಾರಿ ಹಾಕಿದರೆ ಠಣ್ ಎಂದು ಮೇಲೆ ಪುಟಿಯುತ್ತದೆ. ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ನಾಲ್ಕು ತಾಸಿನಲ್ಲಿ 4 ಇಂಚಾದರೂ ಇಳಿಯಬೇಕು. ಇಳಿಯದಿದ್ದರೆ ಆ ಪದರವನ್ನು ಆರಪಾರ ಒಡೆಯಿರಿ. ಅದು ಆಗದಿದ್ದರೆ ಜಾಗ ಬದಲಿಸಿ. ಅರ್ಧ ಒಡೆದು ಬಿಟ್ಟರೆ ಬೇರು ಬಟ್ಟಲಿನಲ್ಲಿ ಕೂತಂತಾಗಿ ಕೊಳೆಯುತ್ತದೆ.

ಊರಲ್ಲಿ ಮಳೆನೀರು ನಿಲ್ಲಬಾರದೆಂದು ಮಡಿ ಎತ್ತರಿಸುತ್ತೇವೆ. ಇಲ್ಲಿ ತಗ್ಗಿಸಬೇಕು. ಎತ್ತರದ ಮಡಿ ನಾಲ್ಕೂ ಬದಿಯಿಂದ ಒಣಗುತ್ತದೆ. 10 ಅಡಿ ಉದ್ದ, 4 ಅಡಿ ಅಗಲದ ಮಡಿಯ ಲೆಕ್ಕ ಹೇಳುತ್ತೇವೆ. ಹಿಂದಿನ ದಿನ ನೆಲ ನೆನೆಸಿ. ಮೇಲಿನ 6 ಇಂಚು ಮಣ್ಣು ತೆಗೆದು ಸುತ್ತ ಒಡ್ಡು ಕಟ್ಟಿ. ಅದರ ಕೆಳಗಿನ 10 ಇಂಚು ಅಗೆದು ಸಡಿಲಿಸಿ 3 ಇಂಚು ಕಾಂಪೋಸ್ಟ್ ಬೆರೆಸಿ. ಅಷ್ಟಕ್ಕೆ 10 ಘನ ಅಡಿ, ಅಂದರೆ 2 ಘನ ಅಡಿಯ ಐದು ಚೀಲ ಬೇಕು. ಅಂಗಡಿಯ ದನದ ಗೊಬ್ಬರದ ಚೀಲ ಕಂಡು ನಮ್ಮ ತಿಪ್ಪೆ ಗೊಬ್ಬರವೇ ಸಿಕ್ಕಿತೆಂದು ಸುರಿಯಬೇಡಿ. ಅದರಲ್ಲಿ ಉಪ್ಪು ಹೆಚ್ಚು, ಎಳೆ ಬೇರು ಸುಡುತ್ತದೆ. ಪಿಎಚ್ ಇಳಿಸಲೆಂದು ಗಂಧಕಕ್ಕೆ ದುಡ್ಡು ಸುರಿಯುವುದೂ ಬೇಡ, ಮಣ್ಣಿನ ಸುಣ್ಣವೇ ಅದನ್ನು ನುಂಗಿಬಿಡುತ್ತದೆ.

ಇನ್ನು ನೀರು. ಮಡಿ ಉಳಿಯುವುದೂ ಸಾಯುವುದೂ ಇದರಲ್ಲೇ. ನಲ್ಲಿಗೆ ಮೊದಲು ಟೈಮರ್, ಅದಕ್ಕೆ ನೀರು ಹಿಂದೆ ಹರಿಯದಂತೆ ತಡೆಯುವ ವಾಲ್ವ್, ಆಮೇಲೆ ಫಿಲ್ಟರ್, ಕೊನೆಗೆ 25 ಪಿಎಸ್‌ಐ ಪ್ರೆಶರ್ ರೆಗ್ಯುಲೇಟರ್. ಈ ಕ್ರಮ ತಪ್ಪಿಸಬೇಡಿ. ರೆಗ್ಯುಲೇಟರ್ ಇಲ್ಲದಿದ್ದರೆ ಮನೆಯ ನೀರಿನ ಒತ್ತಡಕ್ಕೆ ಜೋಡಣೆಗಳು ಕಿತ್ತುಬರುತ್ತವೆ. ಅಡಿಗೊಂದು ತೂತಿರುವ, ತೂತಿಗೆ ತಾಸಿಗೆ 3.4 ಲೀಟರ್ ಬಿಡುವ ಅರ್ಧ ಇಂಚಿನ ಡ್ರಿಪ್ ಪೈಪನ್ನು ಅಡಿಗೊಂದು ಸಾಲಿನಂತೆ ನಾಲ್ಕು ಸಾಲು ಹಾಸಿ. 40 ತೂತಾಯಿತು, ತಾಸಿಗೆ 136 ಲೀಟರ್. ಇಷ್ಟು ನೀರು ಈ ಮಡಿಯನ್ನು ಸುಮಾರು ಒಂದು ಅಡಿ ಆಳ ನೆನೆಸುತ್ತದೆ. ನೆನೆದಿದೆಯೇ ಎಂದು ನೋಡಲು ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿ. ಹಸಿ ಇರುವಷ್ಟು ಸಲೀಸಾಗಿ ಇಳಿದು, ಒಣ ಮಣ್ಣು ಬಂದ ಕೂಡಲೇ ನಿಲ್ಲುತ್ತದೆ. ಪೈಪಿನ ತುದಿಗೆ ಬಿಚ್ಚುವ ಮುಚ್ಚಳ ಇರಲಿ, ಆಗಾಗ ತೆಗೆದು ಕಸ ಹರಿಬಿಡಬೇಕು. ಪೈಪನ್ನು 2–3 ಇಂಚು ಮರದ ಚೂರಿನ ಹೊದಿಕೆಯಲ್ಲಿ ಮುಚ್ಚಿ, ಆದರೆ ಗಿಡದ ಕಾಂಡಕ್ಕೆ ಹೊದಿಕೆ ತಾಗಬಾರದು.

ಕಾಲ ಬದಲಾದಾಗ ಟೈಮರ್‌ನಲ್ಲಿ ನಿಮಿಷ ಬದಲಿಸಬೇಡಿ, ದಿನಗಳ ಅಂತರ ಬದಲಿಸಿ. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ, ಚಳಿಗಾಲದಲ್ಲಿ ವಾರಕ್ಕೊಮ್ಮೆ, ಪ್ರತಿ ಸಲವೂ ಪೂರ್ತಿ ಒಂದು ತಾಸು. ಹೊಸ ಸಸಿಗೆ ಮೊದಲ ಎರಡು ವಾರ ಮಾತ್ರ ದಿನಾ ಸ್ವಲ್ಪ ಕೊಡಿ. ದಿನಾ ಹತ್ತು ನಿಮಿಷ ಬಿಡುವ ರೂಢಿಯೇ ಇಲ್ಲಿ ಗಿಡ ಕೊಲ್ಲುವುದು. ನಲ್ಲಿ ನೀರಿನಲ್ಲೇ ಉಪ್ಪಿದೆ. ಆಳಕ್ಕೆ ಇಳಿಯದ ನೀರು ಆವಿಯಾಗಿ ಉಪ್ಪನ್ನು ಬೇರಿನ ಬಳಿ ಬಿಟ್ಟು ಹೋಗುತ್ತದೆ. ಎಲೆಯ ಅಂಚು ಕಂದಾಗಿ ಸುಟ್ಟಂತೆ ಕಂಡು, ಮಣ್ಣಿನ ಮೇಲೆ ಬಿಳಿ ಪದರ ಬಂದಿದ್ದರೆ ಇದೇ ಕಾರಣ. ಒಂದು ಸಲ ಎರಡರಷ್ಟು ಹೊತ್ತು ನೀರು ಬಿಟ್ಟು ಉಪ್ಪನ್ನು ಕೆಳಗೆ ತೊಳೆಯಿರಿ. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಬೇರೆ, ಕಬ್ಬಿಣದ ಕೊರತೆ. ಚೀಲದ ಮೇಲೆ ಇಡಿಡಿಎಚ್ಎ ಎಂದು ಬರೆದ ಕಬ್ಬಿಣದ ಗೊಬ್ಬರವನ್ನೇ ಕೇಳಿ ತನ್ನಿ, ಉಳಿದವು ಇಂಥ ಕ್ಷಾರದಲ್ಲಿ ನಿಲ್ಲುವುದಿಲ್ಲ.

ಬೇಸಿಗೆಯಲ್ಲಿ ಬಿಸಿಲಿಗಿಟ್ಟ ಪೈಪಿನ ಮೊದಲ ನೀರು ಚರ್ಮ ಸುಡುವಷ್ಟು ಕಾದಿರುತ್ತದೆ. ಅದನ್ನು ಪಕ್ಕಕ್ಕೆ ಹರಿಬಿಟ್ಟು ಆಮೇಲೆ ಗಿಡಕ್ಕೆ ಹಿಡಿಯಿರಿ. ಮಕ್ಕಳ ಕೈಗೆ ಪೈಪು ಕೊಡಲೇಬೇಡಿ. ಕಲ್ಲು ಎತ್ತುವಾಗ ದಪ್ಪ ಕೈಗವಸು ಇರಲಿ, ಅಡಿಯಲ್ಲಿ ಚೇಳು ಇರುತ್ತದೆ.

ದೀಪಾವಳಿಗೆ ಚೆಂಡು ಹೂವು ಬೇಕಿದ್ದರೆ ಆಗಸ್ಟ್ ಮೊದಲ ವಾರ ನೆರಳಲ್ಲಿ ಕುಂಡದಲ್ಲಿ ಬೀಜ ಹಾಕಿ, ಸೆಪ್ಟೆಂಬರ್ ನಡುವೆ ಮಡಿಗೆ ಹಚ್ಚಿ ಮೂರು ವಾರ ನೆರಳು ಬಟ್ಟೆ ಕಟ್ಟಿ. ಅಕ್ಟೋಬರ್‌ನಲ್ಲಿ ಪೆಟೂನಿಯಾ ಹಚ್ಚಿದರೆ ಏಪ್ರಿಲ್‌ವರೆಗೆ ಹೂವು ಕೊಡುತ್ತದೆ. ಬೇಸಿಗೆ ತಡೆಯುವುದು ನಿತ್ಯಪುಷ್ಪ, ಆದರೆ ಅದರ ಎಲೆ ಮೇಲೆ ನೀರು ಸಿಂಪಡಿಸಿದರೆ ಕೊಳೆರೋಗ ಬರುತ್ತದೆ. ದುಂಡು ಮಲ್ಲಿಗೆ ಮಧ್ಯಾಹ್ನದ ನೆರಳಲ್ಲಿ ಚೆನ್ನಾಗಿ ಬರುತ್ತದೆ. ಕಣಗಿಲು ಎಲ್ಲೆಲ್ಲೂ ಇದೆ, ಊರಿನದರಂತೆಯೇ ವಿಷ. ಎಳೆ ಸಸಿ ಮೊಲದ ಬಾಯಿಗೆ ಬೀಳದಂತೆ 2 ಅಡಿ ಎತ್ತರ ತಂತಿ ಜಾಲರಿ ಹಾಕಿ. ಊರಿಂದ ಬರುವಾಗ ಬೀಜ, ಸಸಿ, ಹಸಿ ಕರಿಬೇವು ಚೀಲದಲ್ಲಿ ತುಂಬಿಕೊಂಡು ಬರಬೇಡಿ. ಕರಿಬೇವಿನ ಜೊತೆ ಬರುವ ಕೀಟ ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹಬ್ಬಿಸುತ್ತದೆಂದು ಹಸಿ ಎಲೆಗೆ ಇಲ್ಲಿ ತಡೆ ಇದೆ.

ಡಿಸೆಂಬರ್, ಜನವರಿಯ ಕೆಲವು ರಾತ್ರಿ ಮಂಜು ಹೆಪ್ಪುಗಟ್ಟುತ್ತದೆ. ಮಲ್ಲಿಗೆ, ದಾಸವಾಳಕ್ಕೆ ಸಂಜೆಯೇ ಹಳೆ ಹತ್ತಿ ಹಾಸಿಗೆವಸ್ತ್ರ ನೆಲ ಮುಟ್ಟುವಂತೆ ಹೊದಿಸಿ, ಬೆಳಗ್ಗೆ ತೆಗೆಯಿರಿ. ಪ್ಲಾಸ್ಟಿಕ್ ಎಲೆಗೆ ತಾಗಿದ ಕಡೆ ಸುಟ್ಟುಹೋಗುತ್ತದೆ. ಬೇಸಿಗೆಯೆಲ್ಲ ಅರಳಿದ ರತ್ನಗಂಧಿ ಆಗ ಕಡ್ಡಿಯಾಗಿ ನಿಂತಿದ್ದರೂ ಸತ್ತಿತೆಂದು ಕೀಳಬೇಡಿ. ಫೆಬ್ರುವರಿ ಕೊನೆಗೆ ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸಿ. ಬಿಸಿಲೇರಿದಂತೆ ಬುಡದಿಂದಲೇ ಚಿಗುರು ಒಡೆಯುತ್ತದೆ.