ಹಸಿರು ಗೋಡೆಯ ಸಮುದಾಯ ಭವನ, ಒಂದು ಕೆಂಪು ಬಸ್ಸು: ಸಾದಾ ಹಾಲ್ ಸಿಂಗರಿಸುವ ಬಗೆ

ನಮ್ಮ ಸಾಗರದ ಕಡೆ ಯಾವ ಊರಿಗೆ ಹೋದರೂ ಒಂದು ಸಮುದಾಯ ಭವನ ಸಿಗುತ್ತದೆ. ಎಲ್ಲವೂ ಒಂದೇ ಅಚ್ಚು. ಗೋಡೆಗೆ ನಾಲ್ಕು ಅಡಿವರೆಗೆ ಹಸಿರು ಆಯಿಲ್ ಪೇಂಟು, ಅದರ ಮೇಲೆ ಸುಣ್ಣ. ಎಂಟು ಟ್ಯೂಬ್‌ಲೈಟು, ಆರು ಫ್ಯಾನು. ಫ್ಯಾನಿನ ರೆಕ್ಕೆ ಮೇಲೆ ಅದನ್ನು ಕೊಟ್ಟವರ ಹೆಸರು. ಬಾಡಿಗೆ ಕಮ್ಮಿ, ಅಡುಗೆಮನೆ ದೊಡ್ಡದು, ಹಾಗಾಗಿ ಜನ ಅಲ್ಲೇ ಕಾರ್ಯ ಇಟ್ಟುಕೊಳ್ಳುತ್ತಾರೆ. ಆಮೇಲೆ ಗೋಡೆ ನೋಡಿ ಬೇಜಾರಾಗಿ ನನಗೆ ಫೋನ್ ಮಾಡುತ್ತಾರೆ.

ನಾನೂ ನನ್ನ ನಾದಿನಿಯೂ ಈ ಕೆಲಸ ಶುರು ಮಾಡಿ 11 ವರ್ಷ ಆಯಿತು. ಮೊದಮೊದಲು ಹಾಲ್ ಪೂರ್ತಿ ಮುಚ್ಚಲು ಹೊರಡುತ್ತಿದ್ದೆವು. ನಾಲ್ಕೂ ಗೋಡೆಗೆ ಬಟ್ಟೆ, ಮೇಲೆಲ್ಲ ಬಣ್ಣದ ಕಾಗದ. ದುಡ್ಡೂ ಹೋಗುತ್ತಿತ್ತು, ನೋಡಿದರೆ ಶಾಮಿಯಾನದ ಗೋದಾಮಿನ ಹಾಗೆ ಕಾಣುತ್ತಿತ್ತು. ಈಗ ಮೂರೇ ಜಾಗ ಹಿಡಿಯುತ್ತೇವೆ: ಬಾಗಿಲು, ನಡೆಯುವ ದಾರಿ, ವೇದಿಕೆ. ಉಳಿದ ಗೋಡೆ ಹಸಿರಾಗಿಯೇ ಇರಲಿ. ಅದರ ಕಡೆ ಯಾರೂ ನೋಡದ ಹಾಗೆ ಮಾಡಿದರೆ ಸಾಕು.

ಕಳೆದ ವರ್ಷ ಮಾಡಿದ ಒಂದು ಅರವತ್ತರ ಶಾಂತಿಯನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಹಾಲ್ ನೋಡಿ ಬನ್ನಿ

ಫೋಟೊ ನೋಡಿ ಒಪ್ಪಿಕೊಳ್ಳಬೇಡಿ. ಕಾರ್ಯ ಬೆಳಗ್ಗೆ ಹತ್ತಕ್ಕಿದ್ದರೆ ನೀವೂ ಬೆಳಗ್ಗೆ ಹತ್ತಕ್ಕೇ ಹೋಗಿ. ಬಿಸಿಲು ಯಾವ ಕಿಟಕಿಯಿಂದ ಬರುತ್ತದೆ ನೋಡಿ. ವೇದಿಕೆಯ ಹಿಂದೆ ಕಿಟಕಿ ಇದ್ದರೆ ಫೋಟೊದಲ್ಲಿ ಎಲ್ಲರ ಮುಖ ಕಪ್ಪಾಗುತ್ತದೆ. ಆ ಕಿಟಕಿ ಮುಚ್ಚುವುದೇ ನಿಮ್ಮ ಮೊದಲ ಖರ್ಚು.

ಟೇಪು ಹಿಡಿದು ವೇದಿಕೆಯ ಅಗಲ, ಎತ್ತರ ಅಳೆಯಿರಿ. ಎಷ್ಟು ಪ್ಲಗ್ ಪಾಯಿಂಟ್ ಇವೆ, ಯಾವುದು 5 ಆಂಪ್, ಯಾವುದು 15 ಆಂಪ್ ಎಂದು ಬರೆದುಕೊಳ್ಳಿ. 5 ಆಂಪ್ ಪಾಯಿಂಟ್ ಹೆಚ್ಚೆಂದರೆ 1100 ವ್ಯಾಟ್ ತಡೆಯುತ್ತದೆ. ಎರಡು 500 ವ್ಯಾಟ್ ಹ್ಯಾಲೊಜೆನ್ ಹಾಕಿದರೆ ಅಲ್ಲಿಗೇ ಮುಗಿಯಿತು. ಮೈಕಿನವರು ಬಂದು ಅದೇ ಬೋರ್ಡಿಗೆ ತಮ್ಮ ವೈರ್ ಸಿಕ್ಕಿಸಿದರೆ ಕರೆಂಟ್ ಹೋಗುತ್ತದೆ, ಬೈಗುಳ ನಿಮಗೆ ಬೀಳುತ್ತದೆ.

ಮೊಳೆ ಹೊಡೆಯಬಹುದಾ ಎಂದು ಕೇಳಲೇಬೇಡಿ, ಹೊಡೆಯಬಾರದು. ಟೇಪ್ ಕೂಡ ಬೇಡ. ಒಮ್ಮೆ ಒಂದು ಹಾಲ್‌ನಲ್ಲಿ ಟೇಪ್ ಕಿತ್ತಾಗ ಅಂಗೈ ಅಗಲದ ಪೇಂಟು ಜೊತೆಗೇ ಎದ್ದು ಬಂತು. ಅಡ್ವಾನ್ಸ್‌ನಲ್ಲಿ 1500 ರೂಪಾಯಿ ಹಿಡಿದುಕೊಂಡರು. ಅವತ್ತಿನಿಂದ ನಮ್ಮದು ಬಿದಿರಿನ ಚೌಕಟ್ಟು. ಎರಡು ಕಂಬ, ಒಂದು ಅಡ್ಡ ಗಳ. ಕಂಬದ ಬುಡಕ್ಕೆ ಮರಳು ತುಂಬಿದ ಎಣ್ಣೆ ಡಬ್ಬ. ಗೋಡೆ ಮುಟ್ಟುವುದೇ ಇಲ್ಲ.

ಇನ್ನೊಂದು ವಿಷಯ, ನಗಬೇಡಿ. ದಾನಿಗಳ ಹೆಸರಿನ ಕಲ್ಲು ಎಲ್ಲಿದೆ ನೋಡಿಕೊಳ್ಳಿ. ಒಂದು ಸೀಮಂತದಲ್ಲಿ ನಾವು ಅದರ ಮೇಲೆ ಬಟ್ಟೆ ಇಳಿಬಿಟ್ಟಿದ್ದೆವು. ಊಟದ ಹೊತ್ತಿಗೆ ಒಬ್ಬ ಹಿರಿಯರು ಬಂದು, "ತಂಗಿ, ನನ್ನಪ್ಪನ ಹೆಸರು ಎಲ್ಲಿಗೆ ಹೋಯ್ತು?" ಎಂದು ಕೇಳಿದರು. ಸೀಮಂತದ ಮಧ್ಯೆ ಸ್ಟೂಲ್ ಹತ್ತಿ ಬಟ್ಟೆ ಬಿಚ್ಚಿದೆ. ಈಗ ಆ ಕಲ್ಲಿಗೂ ಒಂದು ಮಾಲೆ ಹಾಕಿಬಿಡುತ್ತೇನೆ.

ಭಟ್ಟರನ್ನು ಕೇಳದೆ ಏನನ್ನೂ ನಿಲ್ಲಿಸಬೇಡಿ

ಇದು ಡೆಕೊರೇಶನ್ ಕಲಿಸುವವರು ಹೇಳದ ಪಾಠ. ಶಾಂತಿಯಲ್ಲಿ ದಂಪತಿ ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿ ಕೂರುತ್ತಾರೆ. ನಿಮ್ಮ ವೇದಿಕೆ ದಕ್ಷಿಣಕ್ಕೆ ಮುಖ ಮಾಡಿದ್ದರೆ ನೀವು ಕಟ್ಟಿದ ಚಂದದ ಹಿನ್ನೆಲೆ ಅವರ ಪಕ್ಕಕ್ಕೆ ಬರುತ್ತದೆ, ಹಿಂದಕ್ಕಲ್ಲ. ಹೋಮಕುಂಡ ಎಲ್ಲಿ, ಕಲಶದ ನೀರು ಹಾಕುವುದು ಎಲ್ಲಿ, ಇವೂ ಮೊದಲೇ ಗೊತ್ತಾಗಬೇಕು. ವೈರ್ ಹಾದು ಹೋದ ಜಾಗದಲ್ಲೇ ನೀರು ಸುರಿದರೆ ಏನು ಗತಿ? ಹೋಮಕುಂಡದಿಂದ ಬಟ್ಟೆ ಆರು ಅಡಿಯಾದರೂ ದೂರ ಇರಲಿ. ಬಟ್ಟೆ ಹತ್ತಿಯದ್ದೇ ಆಗಿರಲಿ. ಸಿಂಥೆಟಿಕ್ ಬಟ್ಟೆಗೆ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಪರದೆ ಹಿಂದೆ ಒಂದು ಬಕೆಟ್ ನೀರು ಇಟ್ಟಿರಿ.

ಥೀಮ್ ಎಲ್ಲಿ ಸಿಗುತ್ತದೆ

ಇಂಟರ್ನೆಟ್ಟಿನಲ್ಲಿ ಅಲ್ಲ. ಕಾರ್ಯ ಇಟ್ಟುಕೊಂಡವರ ಮನೆ ಜಗುಲಿಯಲ್ಲಿ. ನಾನು ಹೋಗಿ ಕಾಫಿ ಕುಡಿಯುತ್ತಾ ಒಂದು ಗಂಟೆ ಮಾತಾಡುತ್ತೇನೆ. ಈ ಅರವತ್ತರ ಶಾಂತಿಯ ಯಜಮಾನರು ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಶಿವಮೊಗ್ಗ, ಸಾಗರ ಅಂತ ಓಡಾಡಿಯೇ ವಯಸ್ಸು ಕಳೆದವರು. ಮಗಳು ಮಾತ್ರ "ಗೋಲ್ಡನ್ ಥೀಮ್ ಮಾಡಿ ಅಕ್ಕ" ಅಂದಳು. ಅಷ್ಟರಲ್ಲಿ ಅವರ ಹೆಂಡತಿ ಒಳಗಿಂದ ಹಳೇ ಚರ್ಮದ ಚೀಲ, ಪೀಪಿ ತಂದು ತೋರಿಸಿದರು. ಗೋಲ್ಡನ್ ಅಲ್ಲಿಗೇ ಬಿದ್ದುಹೋಯಿತು.

ಬಾಗಿಲ ಮೇಲೆ ಬಸ್ಸಿನ ಬೋರ್ಡ್ ಹಾಕಿದೆವು. ಪ್ಲೈವುಡ್ಡಿಗೆ ಕೆಂಪು ಬಣ್ಣ, ಬಿಳಿ ಅಕ್ಷರ. ನಮ್ಮೂರ ಬೋರ್ಡ್ ಬರೆಯುವವರ ಕೈಯಲ್ಲೇ ಬರೆಸಿದ್ದು. ಪ್ರಿಂಟ್ ಹಾಕಿಸಿದ್ದರೆ ಆ ಕಳೆ ಬರುತ್ತಿರಲಿಲ್ಲ. ಒಳಗೆ ದಾರಿಯ ಬದಿಗೆ ಐದು ಸ್ಟೇಜ್, ಅಂದರೆ ಬಸ್ಸು ನಿಲ್ಲುವ ಊರುಗಳು: ಶಿವಮೊಗ್ಗ, ಆಯನೂರು, ಕುಂಸಿ, ಆನಂದಪುರ, ಸಾಗರ. ಒಂದೊಂದು ಸ್ಟೇಜಿನಲ್ಲಿ ಅವರ ಒಂದೊಂದು ವಯಸ್ಸಿನ ಫೋಟೊ. ಸಾಗರ ಬಂತು ಅಂದರೆ ವೇದಿಕೆ ಬಂತು. ಬಂದವರಿಗೆ ಕುಂಕುಮದ ಜೊತೆ ಒಂದು ಟಿಕೆಟ್, ಹಿಂದೆ ಊಟದ ಪಂಕ್ತಿಯ ನಂಬರ್. ಮೊದಲ ಪಂಕ್ತಿಗೆ ಆಗುವ ನೂಕುನುಗ್ಗಲೇ ತಪ್ಪಿತು.

ಒಂದು ಎಚ್ಚರ. ವೇದಿಕೆ ಮೇಲೆ ಬಸ್ಸು ತರಬೇಡಿ. ಅಲ್ಲಿ ಪೂಜೆ ನಡೆಯುತ್ತದೆ. ಸ್ಟೇರಿಂಗ್ ಪಕ್ಕ ಕಲಶ ಇಟ್ಟರೆ ಮನೆಯ ಹಿರಿಯರಿಗೆ ಸರಿ ಕಾಣುವುದಿಲ್ಲ. ನಮ್ಮ ಬಸ್ಸು ಸಾಗರದಲ್ಲೇ ನಿಂತಿತು. ವೇದಿಕೆ ಮೇಲೆ ಬರೀ ಬಟ್ಟೆ, ಹೂವು, ದೀಪ.

ಥರ್ಮಾಕೋಲಿನಲ್ಲಿ ಹೆಸರು ಕೆತ್ತಿಸಬೇಡಿ. ನಮ್ಮ ರಾಜ್ಯ 2016ರಲ್ಲೇ ಪ್ಲಾಸ್ಟಿಕ್ ತೋರಣ, ಫ್ಲೆಕ್ಸ್ ನಿಷೇಧಿಸಿದೆ. 2022ರ ಜುಲೈ 1ರಿಂದ ಅಲಂಕಾರದ ಥರ್ಮಾಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿ ದೇಶಕ್ಕೇ ನಿಷೇಧ. ಅಂಗಡಿಯಲ್ಲಿ ಈಗಲೂ ಕೊಡುತ್ತಾರೆ, ಅದು ಬೇರೆ ಮಾತು. ರಟ್ಟು, ಪ್ಲೈವುಡ್, ಅಡಿಕೆ ಹಾಳೆ, ಮೊರ, ಇಷ್ಟಿದ್ದರೆ ಏನು ಬೇಕಾದರೂ ಮಾಡಬಹುದು.

ಸೀರೆಯ ಲೆಕ್ಕ

ಹಿನ್ನೆಲೆಗೆ ಬಾಡಿಗೆ ಸ್ಯಾಟಿನ್ ಯಾಕೆ? ಬೀರುವಿನಲ್ಲಿ ಸೀರೆ ಇಲ್ವಾ? ಒಂದು ಸೀರೆ ಸುಮಾರು 18 ಅಡಿ ಉದ್ದ. ಗಳದ ಮೇಲೆ ಅರ್ಧಕ್ಕೆ ಮಡಚಿ ಹಾಕಿದರೆ ಒಂಬತ್ತು ಅಡಿ ಇಳಿಯುತ್ತದೆ. ಎರಡು ಪದರ ಆಗುವುದರಿಂದ ಹಿಂದಿನ ಗೋಡೆಯೂ ಕಾಣುವುದಿಲ್ಲ. ಅಗಲ ಸುಮಾರು 45 ಇಂಚು. 12 ಅಡಿ ಅಗಲಕ್ಕೆ ಬಿಗಿಯಾಗಿ ಹಾಕಿದರೆ ನಾಲ್ಕು ಸೀರೆ ಸಾಕು, ಆದರೆ ಒಗೆದು ಹರವಿದ ಹಾಗೆ ಕಾಣುತ್ತದೆ. ಆರು ತೆಗೆದುಕೊಂಡು ನೆರಿಗೆ ಬರುವಂತೆ ಹಾಕಿ. ಬಣ್ಣ ಎರಡೇ ಇರಲಿ. ನಾವು ಹಾಕಿದ್ದು ಇಳಕಲ್ ಸೀರೆ, ಮನೆಯವರದ್ದೇ. ಕೆಂಪು ಸೆರಗು ಮುಂದೆ ಬರುವಂತೆ ನೋಡಿಕೊಂಡೆವು. ಪಿನ್ ಚುಚ್ಚಬೇಡಿ, ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ. ಯಾರ ಸೀರೆ ಯಾವುದು ಎಂದು ಚೀಟಿ ಬರೆದಿಡಿ. ಆಮೇಲೆ ಅತ್ತಿಗೆ ನಾದಿನಿಯರ ಮಧ್ಯೆ ಸಿಕ್ಕಿಕೊಳ್ಳುವುದು ಬೇಡ.

ಬೆಳಕು

ಹಾಲ್ ಬದಲಾಯಿಸುವುದು ನಿಜಕ್ಕೂ ಬೆಳಕೇ. ಹತ್ತು ಸಾವಿರದ ಹೂವು ತಂದು ಟ್ಯೂಬ್‌ಲೈಟ್ ಕೆಳಗೆ ಇಟ್ಟರೆ ಅಷ್ಟೂ ದಂಡ. ಆ ಬಿಳಿ ಟ್ಯೂಬ್ ಸಾಮಾನ್ಯವಾಗಿ 6500 ಕೆಲ್ವಿನ್ನಿನದು. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಹೆಚ್ಚಾದಷ್ಟೂ ಬಿಳಿ, ಕಮ್ಮಿಯಾದಷ್ಟೂ ಹಳದಿ. ಚೆಂಡು ಹೂವೂ ಸಪ್ಪೆ, ಮುಖವೂ ಸಪ್ಪೆ. ಬಲ್ಬ್ ಕೊಳ್ಳುವಾಗ ಡಬ್ಬದ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿರುವುದನ್ನು ನೋಡಿ ತನ್ನಿ. ಅದು ಹಳೇ ಬಲ್ಬಿನ ಹಳದಿ ಬೆಳಕು.

ವೇದಿಕೆಯ ಮೇಲಿನ ಟ್ಯೂಬ್ ಆರಿಸಿ. ಎರಡು ಎಲ್‌ಇಡಿ ಪಾರ್ ಲೈಟ್ (ವೇದಿಕೆಗೆ ಹಾಕುವ, ಬಣ್ಣ ಬದಲಿಸುವ ದೀಪ) ಬಾಡಿಗೆಗೆ ತಂದು ಎಡಕ್ಕೊಂದು ಬಲಕ್ಕೊಂದು ಓರೆಯಾಗಿ ನಿಲ್ಲಿಸಿ. ನೇರ ಎದುರಿಗೆ ಇಟ್ಟರೆ ಮುಖ ಚಪ್ಪಟೆ, ಕಣ್ಣಿಗೂ ಚುಚ್ಚುತ್ತದೆ. ಅದರಲ್ಲಿ ನೀಲಿ, ಹಸಿರು, ನೇರಳೆ ಎಲ್ಲ ಬರುತ್ತದೆ. ಆ ಬಣ್ಣ ಬಟ್ಟೆ ಮೇಲೆ ಬೀಳಲಿ, ಜನರ ಮೇಲೆ ಬೇಡ. ನೀಲಿ ಬೆಳಕಿನಲ್ಲಿ ಎಂಥ ಮದುಮಗಳೂ ಜ್ವರ ಬಂದವಳ ಹಾಗೆ ಕಾಣುತ್ತಾಳೆ. ಭಟ್ಟರ ಪುಸ್ತಕದ ಪಕ್ಕ ಮಾತ್ರ ಒಂದು ಚಿಕ್ಕ ಲೈಟ್ ಬೇಕು. ಇಲ್ಲದಿದ್ದರೆ ಅವರು ಮಧ್ಯದಲ್ಲೇ "ಟ್ಯೂಬ್ ಹಾಕ್ರೀ" ಅನ್ನುತ್ತಾರೆ, ನಿಮ್ಮ ಕೆಲಸವೆಲ್ಲ ಅಲ್ಲಿಗೆ ಹೋಯಿತು.

ಹೂವು

ಚೆಂಡು ಹೂವನ್ನೇ ಜಾಸ್ತಿ ತನ್ನಿ. ಹಿಂದಿನ ರಾತ್ರಿ ದಬ್ಬಳದಲ್ಲಿ ಪೋಣಿಸಿ ಕಟ್ಟಿಟ್ಟರೂ ಮಾರನೇ ದಿನ ಮಧ್ಯಾಹ್ನದ ತನಕ ಬಾಳುತ್ತದೆ. ಮಲ್ಲಿಗೆ ಹಾಗಲ್ಲ. ನಾವೊಮ್ಮೆ ರಾತ್ರಿಯೇ ಮಲ್ಲಿಗೆ ಇಳಿಬಿಟ್ಟು ಬೆಳಗ್ಗೆ ಬಂದು ನೋಡಿದರೆ ಎಲ್ಲ ಕಂದು. ಮಲ್ಲಿಗೆ ಬೇಕೇ ಬೇಕು ಅಂದರೆ ಬಾಳೆಲೆಯಲ್ಲಿ ಸುತ್ತಿಟ್ಟು, ಕೊನೆಯ ಅರ್ಧ ಗಂಟೆಯಲ್ಲಿ ದಂಪತಿ ಕೂರುವ ಜಾಗಕ್ಕೆ ಮಾತ್ರ ಹಾಕಿ. ಮಾಲೆಗಳನ್ನು ಆರು ಅಡಿ ಉದ್ದಕ್ಕೆ ಕತ್ತರಿಸಿ, ಮುಕ್ಕಾಲು ಅಡಿಗೊಂದರಂತೆ ಬಿಟ್ಟರೆ ತುಂಬಿದ ಹಾಗೇ ಕಾಣುತ್ತದೆ.

ನಮ್ಮ ಕಡೆ ಎಲ್ಲರಿಗೂ ಅಡಿಕೆ ಹಿಂಗಾರ ಬೇಕು. ಚಂದವೂ ಹೌದು. ಆದರೆ ಒಂದು ಹಿಂಗಾರ ಅಂದರೆ ಒಂದು ಗೊನೆ ಅಡಿಕೆ. ತೋಟದವರು ಮುಲಾಜಿಗೆ ಕೊಟ್ಟಾರು, ನೀವು ಮೂರಕ್ಕೆ ಮುಗಿಸಿ. ಕಲಶದ ಹತ್ತಿರ ಒಂದು, ಬಾಗಿಲ ಎರಡೂ ಕಡೆ ಒಂದೊಂದು.

ಮೇಲಿಂದ ಏನು ಇಳಿಬಿಟ್ಟರೂ ಫ್ಯಾನ್ ಹಾಕಿಯೇ ಪರೀಕ್ಷೆ ಮಾಡಿ. ನೀವು ಕಟ್ಟುವಾಗ ಫ್ಯಾನ್ ಆರಿರುತ್ತದೆ. ಜನ ಬಂದ ಮೇಲೆ ಯಾರೋ ಸೆಕೆ ಅಂತ ಐದಕ್ಕೆ ತಿರುಗಿಸುತ್ತಾರೆ. ಒಂದು ನಾಮಕರಣದಲ್ಲಿ ನಮ್ಮ ಕಾಗದದ ಹಕ್ಕಿಗಳೆಲ್ಲ ಹಾಗೇ ಪಾಯಸದ ಪಾತ್ರೆಗೆ ಹಾರಿದವು.

ಊಟದ ಹಾಲ್‌ಗೆ ಏನೂ ಮಾಡಬೇಡಿ. ಬಾಳೆಲೆ ಹಾಸಿದ ಮೇಲೆ ಅಲ್ಲಿ ಇನ್ನೇನು ಬೇಕು?

ಬಿಚ್ಚುವ ಕೆಲಸ

ಊಟ ಮುಗಿದ ಕೂಡಲೇ ಮೊದಲು ಸೀರೆ ಇಳಿಸಿ, ಚೀಟಿ ನೋಡಿ ಎಣಿಸಿ ಕೊಡಿ. ಆಮೇಲೆ ಲೈಟು. ಹೂವು, ಬಾಳೆಕಂದು ಗೊಬ್ಬರದ ಗುಂಡಿಗೆ. ದಾರಕ್ಕೆ ಹತ್ತಿಯ ನೂಲೇ ಹಾಕಿದ್ದರೆ ಬಿಡಿಸುವ ರಗಳೆ ಇಲ್ಲ. ಬಸ್ಸಿನ ಬೋರ್ಡನ್ನು ಮನೆಯವರೇ ಕೇಳಿ ತೆಗೆದುಕೊಂಡು ಹೋದರು, ಕೊಟ್ಟೆವು. ನೆಲದ ಮೇಲೆ ತುಳಿದ ಚೆಂಡು ಹೂವಿನ ಕಲೆ ಉಳಿಯುತ್ತದೆ, ಒಣಗುವ ಮೊದಲೇ ಒರೆಸಿ. ಹಾಲ್ ನೋಡಿಕೊಳ್ಳುವವರು ಗೋಡೆ ನೋಡಲು ಬಂದಾಗ ನೀವೂ ಪಕ್ಕದಲ್ಲಿ ನಿಂತಿರಿ. ಅಡ್ವಾನ್ಸ್ ಅಲ್ಲೇ ವಾಪಸ್ ಇಸಿದುಕೊಳ್ಳಿ.