ನಾಯಿ ಕಚ್ಚಿದರೆ ಮೊದಲು ನಲ್ಲಿ, ಆಮೇಲೆ ಆಸ್ಪತ್ರೆ

ಬೆಳಗ್ಗೆ ಐದೂವರೆಗೆ ಹಾಲು ತರಲು ಹೊರಟಿದ್ದೆ. ಮಲ್ಲೇಶ್ವರದ ನಮ್ಮ ಅಡ್ಡರಸ್ತೆಯ ತಿರುವಿನಲ್ಲಿ, ಕಾರಿನಡಿ ಮಲಗಿದ್ದ ನಾಯಿ ಎದ್ದು ಬಂದು ಮೀನಖಂಡಕ್ಕೆ ಬಾಯಿ ಹಾಕಿತು. ಎರಡು ಹಲ್ಲಿನ ತೂತು, ಸಣ್ಣಗೆ ರಕ್ತ. ಮನೆ ಮುಟ್ಟುವಷ್ಟರಲ್ಲಿ ಪಕ್ಕದ ಮನೆ ಅಜ್ಜಿ ಸುಣ್ಣದ ಡಬ್ಬಿ ಹಿಡಿದು ನಿಂತಿದ್ದರು. “ಹಚ್ಕೊಳಪ್ಪ, ವಿಷ ಎಳ್ಕೊಳ್ಳತ್ತೆ.” “ಬೇಡ ಅಜ್ಜಿ, ಮೊದ್ಲು ಸೋಪು ಕೊಡಿ” ಅಂದೆ.

ಮೊದಲ ಕೆಲಸ ಬಚ್ಚಲಲ್ಲಿ

ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ, ಇಲ್ಲದಿದ್ದರೆ ಎರಡೇ ನಿಮಿಷಕ್ಕೆ ಸಾಕು ಅನ್ನಿಸಿಬಿಡುತ್ತದೆ. ಕಾವೇರಿ ನೀರು ಬರದ ದಿನವಾದರೆ ಸಂಪಿನ ನೀರನ್ನು ಮಗ್ಗಿನಲ್ಲಿ ಸುರಿದುಕೊಂಡರೂ ನಡೆದೀತು. ನಾಯಿಯ ಜೊಲ್ಲಿನಲ್ಲಿ ಇರಬಹುದಾದ ರೇಬಿಸ್ (ಹುಚ್ಚುನಾಯಿ ರೋಗ) ವೈರಸ್ಸಿಗೆ ಕೊಬ್ಬಿನ ಹೊದಿಕೆಯಿದೆ. ಎಣ್ಣೆಸ್ನಾನದ ಜಿಡ್ಡು ಸೀಗೆಪುಡಿಗೆ ಬಿಡುವ ಹಾಗೆ ಆ ಹೊದಿಕೆ ಸೋಪಿಗೆ ಕರಗುತ್ತದೆ. ಹೊದಿಕೆ ಹೋದ ವೈರಸ್ ಜೀವಕೋಶದೊಳಗೆ ನುಗ್ಗಲಾರದು. ತೊಳೆದ ಮೇಲೆ ಪೊವಿಡೋನ್ ಅಯೋಡಿನ್ ಎಂಬ ಗಾಯದ ಔಷಧ ಹಚ್ಚಿ. ಸುಣ್ಣ, ಅರಿಶಿನ, ಕಾಫಿಪುಡಿ, ಖಾರದಪುಡಿ ಯಾವುದೂ ಬೇಡ. ಬಿಗಿಯಾಗಿ ಬ್ಯಾಂಡೇಜ್ ಕಟ್ಟುವುದೂ ಬೇಡ.

ಇಷ್ಟು ಆತುರ ಯಾಕೆ? ನಮ್ಮ ದೇಹದ ಮೊದಲ ಕೋಟೆ ಚರ್ಮ. ಅದನ್ನು ಹಲ್ಲು ಒಡೆದಿದೆ. ಎಷ್ಟೋ ರೋಗಾಣುಗಳು ರಕ್ತಕ್ಕೆ ಇಳಿದು ಬಿಳಿ ರಕ್ತಕಣಗಳ ಕಣ್ಣಿಗೆ ಬೀಳುತ್ತವೆ. ಈ ವೈರಸ್ ಹಾಗಲ್ಲ. ಮಾಂಸಖಂಡದಿಂದ ನರದ ತುದಿಗೆ ಹತ್ತಿ, ನರದೊಳಗೇ ಅಡಗಿಕೊಂಡು ಮೆದುಳಿನತ್ತ ತೆವಳುತ್ತದೆ. ಅಲ್ಲಿ ಅದು ಕಾವಲುಗಾರರ ಕೈಗೆ ಸಿಗುವುದು ಕಷ್ಟ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಅತಿ ವಿರಳ. ಸಮಾಧಾನದ ಸಂಗತಿಯೆಂದರೆ ಈ ಪಯಣಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು. ಮುಖಕ್ಕೆ, ಕೈಗೆ ಕಚ್ಚಿದ್ದರೆ ಇನ್ನೂ ಬೇಗ. 1885ರಲ್ಲಿ ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ನಾಯಿ ಕಚ್ಚಿದ ಮೇಲೆ ಲಸಿಕೆ ಕೊಟ್ಟದ್ದು ಈ ನಿಧಾನವನ್ನೇ ನಂಬಿ.

ಎರಡನೆಯದು, ಅದೇ ದಿನ ಇಂಜೆಕ್ಷನ್

ಲಸಿಕೆ ವೈರಸ್ಸನ್ನು ಕೊಲ್ಲುವ ಔಷಧವಲ್ಲ. ನಿಷ್ಕ್ರಿಯಗೊಳಿಸಿದ ವೈರಸ್ಸನ್ನು ರಟ್ಟೆಗೆ (ಚಿಕ್ಕ ಮಕ್ಕಳಿಗೆ ತೊಡೆಗೆ) ಚುಚ್ಚುತ್ತಾರೆ. ಪಿರ್ರೆಗೆ ಕೊಡಿಸಿಕೊಳ್ಳಬಾರದು, ಅಲ್ಲಿಯ ಕೊಬ್ಬಿನಲ್ಲಿ ಅದು ಸರಿಯಾಗಿ ನಾಟುವುದಿಲ್ಲ. ರಟ್ಟೆಯಲ್ಲಿರುವ ಕಾವಲು ಕೋಶಗಳು ಅದನ್ನು ನುಂಗಿ, ಚೂರುಗಳನ್ನು ಕಂಕುಳಿನ ದುಗ್ಧಗ್ರಂಥಿಗೆ ಹೊತ್ತೊಯ್ಯುತ್ತವೆ. ಅಲ್ಲಿ ಬಿ ಕೋಶ ಎಂಬ ಬಿಳಿ ರಕ್ತಕಣಗಳ ಜಾತ್ರೆ. ಒಂದೊಂದು ಕೋಶಕ್ಕೂ ಒಂದೊಂದೇ ಆಕಾರದ ಗುರುತು ಗೊತ್ತು. ಫೋಟೊ ಹಿಡಿದು ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಒಬ್ಬರನ್ನು ಹುಡುಕಿದ ಹಾಗೆ! ಹೊಂದುವ ಕೋಶ ಸಿಕ್ಕ ಮೇಲೆ ಟಿ ಕೋಶ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣ ಒಪ್ಪಿಗೆ ಕೊಡಬೇಕು. ಆಮೇಲೆ ಬಿ ಕೋಶ ಒಂದಕ್ಕೆರಡಾಗಿ ಬೆಳೆದು, ವೈರಸ್ಸನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯಗಳನ್ನು ತಯಾರಿಸಲು ತೊಡಗುತ್ತದೆ. ಇದಕ್ಕೆಲ್ಲ 7ರಿಂದ 14 ದಿನ ಹಿಡಿಯುತ್ತದೆ.

ಮೊದಲ ಡೋಸಿನ ದಿನವೇ 0. ಮಾಂಸಖಂಡಕ್ಕಾದರೆ 0, 3, 7, 14, 28ನೇ ದಿನ ಐದು ಡೋಸ್. ಚರ್ಮದ ಪದರಕ್ಕಾದರೆ 0, 3, 7, 28ನೇ ದಿನ, ಎರಡೂ ತೋಳಿಗೆ 0.1 ಮಿಲಿಲೀಟರ್‌ನಂತೆ. ಚರ್ಮದಲ್ಲಿ ಕಾವಲು ಕೋಶಗಳು ದಟ್ಟವಾಗಿರುವುದರಿಂದ ಅಷ್ಟೇ ಸಾಕು. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅಂತ ಅಜ್ಜಿ ಹೆದರಿಸಿದರು. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಹಳೇ ಲಸಿಕೆ ನಿಂತು ಇಪ್ಪತ್ತು ವರ್ಷ ದಾಟಿತು.

ಎಲ್ಲರೂ ಮರೆಯುವ ಹೆಜ್ಜೆ

ಪ್ರತಿಕಾಯ ಬರುವವರೆಗಿನ ಆ ಒಂದೆರಡು ವಾರ ನಮ್ಮನ್ನು ಕಾಪಾಡುವವರು ಯಾರು? ರಕ್ತ ಬಂದಿದ್ದರೆ, ಅಥವಾ ತೆರೆದ ಗಾಯಕ್ಕೋ ಕಣ್ಣು, ಬಾಯಿಗೋ ಜೊಲ್ಲು ತಾಗಿದ್ದರೆ ಇಮ್ಯುನೊಗ್ಲೋಬ್ಯುಲಿನ್ ಬೇಕು. ಇದು ಬೇರೆ ಮನುಷ್ಯರ ಅಥವಾ ಕುದುರೆಯ ರಕ್ತದಿಂದ ತೆಗೆದ ಸಿದ್ಧ ಪ್ರತಿಕಾಯ, ಅಂದರೆ ಕೈಸಾಲ. ಇದನ್ನು ಗಾಯದೊಳಗೆ, ಗಾಯದ ಸುತ್ತ ಚುಚ್ಚುತ್ತಾರೆ. ನಿಜ ಹೇಳಬೇಕೆಂದರೆ ನಾಯಿ ಕಚ್ಚಿದ್ದಕ್ಕಿಂತ ಇದೇ ಹೆಚ್ಚು ನೋವಾಯಿತು.

ನಾನು ಮೊದಲು ಹೋದ ಕ್ಲಿನಿಕ್ಕಿನಲ್ಲಿ ಬರೀ ಲಸಿಕೆ ಕೊಟ್ಟು, “ಆಯ್ತು, ಹೋಗಿ” ಅಂದರು. ಕೇಳಿದಾಗಲಷ್ಟೇ “ಅದು ನಮ್ಮಲ್ಲಿಲ್ಲ” ಎಂಬ ಉತ್ತರ. ಹಾಗಾದರೆ ಲಸಿಕೆಯನ್ನು ಅಲ್ಲೇ ಹಾಕಿಸಿಕೊಂಡು, ಇದಕ್ಕೆ ಅದೇ ದಿನ ಬೇರೆ ಆಸ್ಪತ್ರೆಗೆ ಹೋಗಿ. ಮೊದಲ ಡೋಸ್ ಆಗಿ 7 ದಿನ ಕಳೆದರೆ ಇದನ್ನು ಕೊಡುವುದಿಲ್ಲ. ಅಷ್ಟರಲ್ಲಿ ಸ್ವಂತ ಪ್ರತಿಕಾಯ ಬರಲು ಶುರುವಾಗಿರುತ್ತದೆ, ಸಾಲದ್ದು ಅದಕ್ಕೆ ಅಡ್ಡಗಾಲಾಗುತ್ತದೆ.

ನಾಯಿಯ ಮೇಲೂ 10 ದಿನ ಕಣ್ಣಿಡಿ, ಆದರೆ ಅದಕ್ಕಾಗಿ ಲಸಿಕೆ ಮುಂದೂಡಬೇಡಿ. ನಾಯಿ ಚೆನ್ನಾಗಿದ್ದರೆ ಮುಂದಿನ ಡೋಸ್‌ಗಳ ಬಗ್ಗೆ ವೈದ್ಯರು ಹೇಳುತ್ತಾರೆ.

ಲಸಿಕೆಯ ಚೀಟಿಯನ್ನು ಎಸೆಯಬೇಡಿ. ಪೂರ್ತಿ ಲಸಿಕೆ ಪಡೆದವರ ದೇಹದಲ್ಲಿ ನೆನಪಿನ ಕೋಶಗಳು ಉಳಿದಿರುತ್ತವೆ. ಮತ್ತೆ ಕಚ್ಚಿದರೆ ಅವು ದಿನಗಳಲ್ಲೇ ಎದ್ದು ಕೂರುತ್ತವೆ, ಹಾಗಾಗಿ 0 ಮತ್ತು 3ನೇ ದಿನದ ಎರಡೇ ಡೋಸ್ ಸಾಕು, ಇಮ್ಯುನೊಗ್ಲೋಬ್ಯುಲಿನ್ ಬೇಡ. ಸೋಪು ಮಾತ್ರ ಆಗಲೂ 15 ನಿಮಿಷವೇ. ನನ್ನ ಚೀಟಿ ರೇಷನ್ ಕಾರ್ಡಿನ ಕವರಿನಲ್ಲಿದೆ. ನಾಯಿ ಹತ್ತನೇ ದಿನವೂ ಅದೇ ಕಾರಿನಡಿ ಮಲಗಿತ್ತು.