ಮರದ ಬಿಲ್ಲಿಗೆ ಕಾರ್ಬನ್ ಬಾಣ ಹೊಂದಿಸಿದ್ದು: ನನ್ನ ಅನುಭವ

ನನ್ನದು ಮರದ ಲಾಂಗ್‌ಬೋ, 28 ಇಂಚು ಎಳೆದರೆ 40 ಪೌಂಡ್. ನಾನು ಎಳೆಯುವುದು 27.5 ಇಂಚು. ಮೊದಲು ಮರದ ಬಾಣಗಳನ್ನೇ ಹೊಡೆಯುತ್ತಿದ್ದೆ. ಮಳೆಗಾಲ ಬಂದರೆ ಸಾಕು, ಒಂದೊಂದು ಬಾಣ ಒಂದೊಂದು ಕಡೆಗೆ ಸೊಟ್ಟಗಾಗುತ್ತಿತ್ತು. ಬಿಸಿ ಮಾಡಿ ನೇರ ಮಾಡಿ ಮಾಡಿ ಸಾಕಾಗಿ ಕಾರ್ಬನ್‌ಗೆ ಹೋದೆ.

500 ಸ್ಪೈನಿನ (ಕಡ್ಡಿ ಎಷ್ಟು ಬಾಗುತ್ತದೆ ಅನ್ನುವ ಅಳತೆ) ಆರು ಕಡ್ಡಿ ತರಿಸಿದೆ. ಆರನ್ನೂ 29 ಇಂಚಿಗೆ ಕತ್ತರಿಸಿ, 100 ಗ್ರೇನ್ (ಸುಮಾರು 6.5 ಗ್ರಾಂ) ಮೊನೆ ಹಾಕಿಬಿಟ್ಟೆ. ಒಂದನ್ನು ಹೊಡೆದು ನೋಡಿ ಆಮೇಲೆ ಉಳಿದದ್ದಕ್ಕೆ ಕೈ ಹಾಕೋಣ ಅನ್ನುವ ಬುದ್ಧಿ ಬರಲೇ ಇಲ್ಲ! ಎಲ್ಲವೂ ಗುರಿಯ ಎಡಕ್ಕೆ ಹೋದವು. ನಾನು ಬಲಗೈಯವನು, ಹಾಗಾಗಿ ಎಡಕ್ಕೆ ಹೋದರೆ ಬಾಣ ತೀರಾ ಗಟ್ಟಿ ಅಂತ ಅರ್ಥ. 145 ಗ್ರೇನ್ ಮೊನೆ ಹಾಕಿದೆ, ಸ್ವಲ್ಪ ಸುಧಾರಿಸಿತು, ಸಾಲಲಿಲ್ಲ.

ಸ್ಪೈನ್ ಅಂದರೆ ಇಷ್ಟೇ. 28 ಇಂಚು ಅಂತರದಲ್ಲಿ ಎರಡು ಆಸರೆ ಕೊಟ್ಟು, ಕಡ್ಡಿಯ ನಡುವೆ 880 ಗ್ರಾಂ ತೂಗುಹಾಕಿದಾಗ ಅರ್ಧ ಇಂಚು ಬಾಗಿದರೆ 500, 0.6 ಇಂಚು ಬಾಗಿದರೆ 600. ಸಂಖ್ಯೆ ಹೆಚ್ಚಾದಷ್ಟೂ ಕಡ್ಡಿ ಮೆತ್ತಗೆ. ಒಲಿಂಪಿಕ್ ಬಿಲ್ಲಿನ ಹಿಡಿಕೆಯನ್ನು ನಡುವಿನವರೆಗೂ, ಅದಕ್ಕಿಂತ ಆಚೆಗೂ ಕೊರೆದಿರುತ್ತಾರೆ. ನನ್ನದರಲ್ಲಿ ಹಾಗಿಲ್ಲ, ಬಾಣ ಓರೆಯಾಗಿ ಕೂರುತ್ತದೆ, ಬಿಟ್ಟ ಕೂಡಲೇ ಬಾಗಿ ಹಿಡಿಕೆಯನ್ನು ಸುತ್ತಿಕೊಂಡು ಹೋಗಬೇಕು. ಅಷ್ಟೇ ಪೌಂಡಿನ ಬೇರೆ ಬಿಲ್ಲಿಗಿಂತ ಇದಕ್ಕೆ ಮೆತ್ತಗಿನ ಕಡ್ಡಿ ಬೇಕು ಅಲ್ವಾ? ಇದನ್ನು ಮೊದಲೇ ಯೋಚಿಸಿದ್ದರೆ ಆರು ಕಡ್ಡಿ ಉಳಿಯುತ್ತಿದ್ದವು.

ಎರಡನೇ ಸಲ 600ರ ಕಡ್ಡಿಗಳನ್ನು ತರಿಸಿ, ಕತ್ತರಿಸದೆ 32 ಇಂಚಿನಲ್ಲೇ ಇಟ್ಟು, 125 ಗ್ರೇನ್ ಮೊನೆ ಹಾಕಿದೆ. ಎರಡಕ್ಕೆ ಗರಿ ಅಂಟಿಸಿದೆ, ಎರಡನ್ನು ಬೋಳಾಗಿಯೇ ಬಿಟ್ಟೆ. ಗರಿ ತಪ್ಪುಗಳನ್ನೆಲ್ಲ ಮುಚ್ಚಿಹಾಕುತ್ತದೆ, ಬೋಳು ಬಾಣ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. ಹೊಡೆಯಲು ಮೆತ್ತಗಿನ ಫೋಮ್ ಬೇಕು, ಗಟ್ಟಿ ಗುರಿಗೆ ಓರೆಯಾಗಿ ನಾಟಿದರೆ ಮುರಿಯಬಹುದು.

10 ಮೀಟರ್‌ನಿಂದ ಹೊಡೆದಾಗ ಬೋಳು ಬಾಣದ ಬಾಲ ಮೇಲಕ್ಕಿತ್ತು. ಹಾಗಾದರೆ ಹೆದೆಯ ಮೇಲೆ ನಾಕ್ (ಬಾಣದ ಬಾಲದಲ್ಲಿ ಹೆದೆಗೆ ಸಿಕ್ಕಿಸುವ ಸೀಳು) ಕೂರುವ ಗಂಟು ಎತ್ತರವಾಗಿದೆ ಅಂದುಕೊಂಡು ಕೆಳಗಿಳಿಸಿದೆ. ಇನ್ನೂ ಕೆಟ್ಟಿತು. ಮತ್ತೆ ಇಳಿಸಿದೆ, ಮತ್ತೂ ಕೆಟ್ಟಿತು. ಎರಡು ಸಂಜೆ ಇದರಲ್ಲೇ ಹೋಯಿತು. ಆಮೇಲೆ ಗೊತ್ತಾಯಿತು, ಗಂಟು ತೀರಾ ಕೆಳಗಿದ್ದರೂ ಬಾಣ ಶೆಲ್ಫಿಗೆ (ಹಿಡಿಕೆಯ ಮೇಲೆ ಬಾಣ ಕೂರುವ ಜಾಗ) ಬಡಿದು ಪುಟಿಯುತ್ತದೆ, ಆಗಲೂ ಬಾಲ ಮೇಲೆಯೇ ಕಾಣುತ್ತದೆ. ಮಟ್ಟದಿಂದ 5/8 ಇಂಚು ಮೇಲಕ್ಕೆ ಕಟ್ಟಿದೆ, ಬಾಣ ನೆಟ್ಟಗೆ ನಾಟಿತು. ಇದು ಸರಿಯಾಗುವ ತನಕ ಎಡ-ಬಲ ನೋಡುವುದು ಸುಮ್ನೆ ದಂಡ.

ಈಗ ಬೋಳು ಬಾಣ ಬಲಕ್ಕೆ ಹೋಗುತ್ತಿತ್ತು, ಬಾಲ ಎಡಕ್ಕೆ. ಮೆತ್ತಗಾಗಿದೆ, ಕತ್ತರಿಸಬೇಕು. ಪ್ರತಿ ಸಲ ಕಾಲು ಇಂಚು, ಅದೂ ನಾಕ್ ಇರುವ ತುದಿಯಿಂದ, ಆಗ ಮುಂದೆ ಅಂಟಿಸಿದ್ದನ್ನು ಬಿಚ್ಚಬೇಕಾಗಿಲ್ಲ. ಉಜ್ಜುವ ಚಕ್ರದ ಸಣ್ಣ ಕಟರ್ ಬಳಸಿದೆ, ಗರಗಸ ಹಾಕಿದರೆ ನಾರು ಸೀಳುತ್ತದೆ. ಮಾಸ್ಕ್ ಹಾಕಿಕೊಳ್ಳಿ, ಆ ಧೂಳು ಒಳಗೆ ಹೋಗಬಾರದು.

30.75 ಇಂಚಿಗೆ ಬಂದ ಸಂಜೆ ಬಾಣ ಎಡಕ್ಕೆ ಹೋಯಿತು. ಜಾಸ್ತಿ ಕತ್ತರಿಸಿಬಿಟ್ಟೆ ಅಂತ ಹೊಟ್ಟೆ ಉರಿಯಿತು. ಬೆಳಿಗ್ಗೆ ಎದ್ದು ಹೊಡೆದರೆ ಇನ್ನೂ ಒಂದು ಗೇಣು ಬಲಕ್ಕೇ! ಸಂಜೆ ಸುಸ್ತಾಗಿ ಪೂರ್ತಿ ಎಳೆದಿರಲಿಲ್ಲ, ಬಿಲ್ಲಿನ ಬಲ ಕಡಿಮೆಯಾಗಿ ಬಾಣ ಗಟ್ಟಿಯಾದಂತೆ ಕಂಡಿತ್ತು. ಅಂದಿನಿಂದ ಮೊದಲ ಇಪ್ಪತ್ತು ಬಾಣಗಳ ಲೆಕ್ಕ ಮಾತ್ರ ನಂಬುತ್ತೇನೆ.

30.25ಕ್ಕೆ ನಿಲ್ಲಿಸಿದೆ. 18 ಮೀಟರ್‌ನಲ್ಲಿ ಬೋಳು ಬಾಣ ಗರಿ ಬಾಣಕ್ಕಿಂತ ನಾಲ್ಕು ಬೆರಳು ಬಲಕ್ಕೆ ಬೀಳುತ್ತದೆ. ಬೇಕೆಂದೇ ಹಾಗೆ ಬಿಟ್ಟೆ, ಗರಿಯ ತೂಕ ಹಿಂದೆ ಸೇರಿದಾಗ ಬಾಣ ಕೊಂಚ ಗಟ್ಟಿಯಾಗುತ್ತದೆ. ಗರಿ ಸೇರಿ ಒಟ್ಟು ಸುಮಾರು 370 ಗ್ರೇನ್, ಅಂದರೆ 24 ಗ್ರಾಂ.

ಹಳೆಯ ಆರು ಕಡ್ಡಿಗಳು 50 ಪೌಂಡಿನ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿರುವ ಬಿಲ್ಲು) ಇಟ್ಟುಕೊಂಡಿರುವ ಗೆಳೆಯನ ಪಾಲಾದವು. ಅವನಿಗೆ ಮೊದಲ ದಿನವೇ ಸರಿ ಹೊಂದಿದವು.